ಉಬ್ಬರದ ಹೊತ್ತು, ವಂತಿಗೆಯ ಪುಸ್ತಕ

ದೋಣಿ ಸಂಘಗಳ ವಿಚಾರವಾಗಿ ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಅವರು ಮನೆ ತಪ್ಪಿ ಬಂದಿರಬೇಕೆಂದೇ ನಾನು ಮೊದಲು ಭಾವಿಸಿದೆನು. ಪೆರ್ಲವು ದೋಣಿಯ ಊರಲ್ಲ. ಎಣ್ಮಕಜೆಯ ಗುಡ್ಡೆಗಳ ನಡುವಿನಿಂದ ಇಳಿದು ಬಂದು ಶಿರಿಯ ಹೊಳೆಯನ್ನು ಸೇರತಕ್ಕ ನಮ್ಮ ತೋಡುಗಳು ಆಷಾಢದಲ್ಲಿ ಕಾಲುಸಂಕಗಳನ್ನು ಎಳೆದುಕೊಂಡು ಹೋಗುವಷ್ಟು ಉಗ್ರವಾಗಿಯೂ, ಮಾಘ ಕಳೆಯುವಷ್ಟರಲ್ಲಿ ಎಮ್ಮೆಯ ಗೊರಸು ಮುಳುಗದಷ್ಟು ಸೌಮ್ಯವಾಗಿಯೂ ಇರುವುದರಿಂದ, ಬಾಳೆದಿಂಡಿನ ತೆಪ್ಪಕ್ಕಿಂತ ದೊಡ್ಡದಾದ ಜಲವಾಹನವೊಂದನ್ನು ನಡೆಸುವ ಯೋಗ ನಮ್ಮ ಹುಡುಗರ ಪಾಲಿಗೆ ಬಂದದ್ದಿಲ್ಲ. ನನ್ನ ಬಾಲ್ಯದ ತೆಪ್ಪವೂ ಎರಡನೆಯ ತಿರುವಿನಲ್ಲಿ ಬಂಡೆಗೆ ತಗಲಿ ಬಿಚ್ಚಿಹೋಯಿತು. ಅಂದು ಮನೆಯಲ್ಲಿ ದೊರೆತ ಸತ್ಕಾರವನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ.

ಆದರೂ ಬರೆಯಲೊಪ್ಪಿದೆ. ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯೊಂದರಲ್ಲಿಯೇ ಹರಿಯುತ್ತವೆ ಎಂಬ ಮಾತನ್ನು ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಆದರೆ ಈ ಹೊಳೆಗಳಿಗೆ ಮೇಲಣ ಜನ್ಮವೊಂದು, ಕೆಳಗಣ ಜನ್ಮವೊಂದು ಎಂದು ಎರಡು ಜನ್ಮಗಳಿದ್ದು, ನಮಗೆ ಗೊತ್ತಿರುವುದು ಮೊದಲನೆಯದು ಮಾತ್ರವೆಂಬುದನ್ನು ನಾವು ಗಮನಿಸುವುದಿಲ್ಲ. ಅಳಿವೆಗೆ ಸಮೀಪಿಸಿದ ಹೊಳೆಯು ತನ್ನ ಇಚ್ಛೆಯಿಂದ ಹರಿಯುವುದನ್ನು ಬಿಟ್ಟು ಸಮುದ್ರದ ಅನುಜ್ಞೆಯನ್ನು ಕಾಯತೊಡಗುತ್ತದೆ. ಅಲ್ಲಿ ನೀರು ದಿನಕ್ಕೆರಡು ಬಾರಿ ಹಿಂದಕ್ಕೆ ಬರುತ್ತದೆ. ಆ ಎರಡನೆಯ ಜನ್ಮದ ಹೊಳೆಯಲ್ಲಿ ಸಂಘ ಕಟ್ಟಿ ದೋಣಿ ನಡೆಸುವವರನ್ನು ಕಾಣಬೇಕಾದರೆ ಪೆರ್ಲದಿಂದ ಬದಿಯಡ್ಕ, ಕಾಸರಗೋಡು ಹಾದು, ಚಂದ್ರಗಿರಿಯನ್ನು ದಾಟಿ, ಕಾಞಂಗಾಡು ನೀಲೇಶ್ವರಗಳನ್ನು ಹಿಂದಿಕ್ಕಿ ಕಾರ್ಯಂಗೋಡು ಹೊಳೆಯವರೆಗೆ ಹೋಗಬೇಕು. ಈ ಹೊಳೆಗೆ ತೇಜಸ್ವಿನಿ ಎಂಬ ಹೆಸರೂ ಉಂಟು. ಕೊಡಗಿನ ಕಾಡಿನಲ್ಲಿ ಹುಟ್ಟಿ ಸುಮಾರು 64 ಕಿಲೋಮೀಟರು ಹರಿದು ಕವ್ವಾಯಿಯ ಹಿನ್ನೀರಿನೊಡನೆ ಬೆರೆಯುವ ಈ ನದಿಯ ಕೊನೆಯ ಭಾಗದಲ್ಲಿ ಅಚ್ಚಾಂತುರುತ್ತಿ, ಪೊಡೋತ್ತುರುತ್ತಿ, ಮಯಿಚ್ಚ, ಕಾವುಂಚಿರ ಮೊದಲಾದ ಊರುಗಳಿವೆ. ಮಲೆಯಾಳದ ತುರುತ್ತಿಯೆಂದರೆ ನಮ್ಮ ಕುದ್ರುವೇ.

ಕನ್ನಡಿಗರಿಗೆ ಈ ನದಿ ಅಪರಿಚಿತವಲ್ಲ. 1956ರ ನವೆಂಬರ್ 1ರ ತನಕ ಈ ನದಿ ಹರಿಯುವ ಹೊಸದುರ್ಗದ ಸೀಮೆಯೂ ನಮ್ಮೊಡನೆ ದಕ್ಷಿಣ ಕನ್ನಡಕ್ಕೆ ಸೇರಿದ್ದಿತಷ್ಟೆ. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಗೆ ಎದುರಾದ ಪೊಲೀಸಿನವನೊಬ್ಬನು ಇದೇ ಹೊಳೆಯಲ್ಲಿ ಮುಳುಗಿ ಸತ್ತದ್ದೂ, ಆ ಪ್ರಕರಣದಲ್ಲಿ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದ್ದೂ, ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದ ನಿರಂಜನರು ಆ ವೃತ್ತಾಂತವನ್ನು 'ಚಿರಸ್ಮರಣೆ'ಯೆಂಬ ಕಾದಂಬರಿಯಾಗಿಸಿದ್ದೂ ಸಾಹಿತ್ಯಾಸಕ್ತರಿಗೆ ತಿಳಿದ ವಿಷಯ. ದೋಣಿ ಸಂಘಗಳಿಗಿಟ್ಟ ಕಮ್ಯೂನಿಸ್ಟ್ ನಾಯಕರ ಹೆಸರುಗಳನ್ನು ಕೇಳಿದಾಗ ಈ ಚರಿತ್ರೆ ಮರಳಿ ನೆನಪಾಗದಿರದು. ಪೊಡೋತ್ತುರುತ್ತಿಯ ತಂಡಕ್ಕೆ ಎ.ಕೆ.ಜಿ. ಹೆಸರು, ಅಚ್ಚಾಂತುರುತ್ತಿಯ ತಂಡವೊಂದಕ್ಕೆ ಅಳೀಕ್ಕೋಡನ್ ರಾಘವನ್ ಅವರ ಹೆಸರು, ಕಾವುಂಚಿರದವರಿಗೆ ಪಿ. ಕೃಷ್ಣಪಿಳ್ಳೆಯವರ ಹೆಸರು. ಎ.ಕೆ. ಗೋಪಾಲನ್ನರು 1957, 1962 ಮತ್ತು 1967ರಲ್ಲಿ ಲೋಕಸಭೆಗೆ ಆರಿಸಿಹೋದದ್ದು ಕಾಸರಗೋಡಿನಿಂದಲೇ ಆದುದರಿಂದ, ಅವರಿಗೆ ಮತ ಕೊಟ್ಟ ಹಿರಿಯರೂ ಕೊಡದ ಹಿರಿಯರೂ ನಮ್ಮ ಪೆರ್ಲದಲ್ಲಿ ಇದ್ದರು. ನಮ್ಮ ಕಡೆ ಸಂಘವೊಂದಕ್ಕೆ ಹೆಸರಿಡುವಾಗ ಮೊದಲು ದೇವರು, ಆಮೇಲೆ ಊರು, ಅದೂ ಸಾಲದಾದರೆ ಕವಿಯೊಬ್ಬನು ನೆನಪಾಗುತ್ತಾನೆ. ಅಲ್ಲಿ ದೋಣಿಯ ಮೂತಿಗೂ ರಾಜಕಾರಣವು ಏರಿದೆ. ಇದು ಒಳ್ಳೆಯದೋ ಕೆಟ್ಟದ್ದೋ ನಾನರಿಯೆ. ದೋಣಿಯ ವೇಗಕ್ಕಂತೂ ಅದರಿಂದ ಬಾಧಕವಾದಂತೆ ಕಾಣಲಿಲ್ಲ.

ಇಂಥ ಸಂಘವೊಂದು ಕಾಗದದ ಮೇಲೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ನಮಗೆ ಪರಿಚಿತವಾದ ವಸ್ತು. ತಿರುವಾಂಕೂರು ಕೊಚ್ಚಿಗಳ ಕಡೆಗೆ 1955ರ ಬೇರೆ ಕಾನೂನು ಇದ್ದರೂ, ಮಲಬಾರು ಪ್ರಾಂತ್ಯದಲ್ಲಿ ಸಂಘ ಸಂಸ್ಥೆಗಳ ನೋಂದಣಿ ಇಂದಿಗೂ 1860ರ ಕಾಯಿದೆಯ ಮೇರೆಗೆ ನಡೆಯುತ್ತದೆ. ಏಳು ಮಂದಿ ಕೂಡಿ ಒಂದು ಉದ್ದೇಶಪತ್ರಕ್ಕೆ ಸಹಿ ಹಾಕಿದರೆ ಸಂಘ, ವರ್ಷಕ್ಕೊಮ್ಮೆ ಮಹಾಸಭೆ, ಅದಾದ ಹದಿನಾಲ್ಕು ದಿನಗಳೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿ ನೋಂದಣಿ ಕಚೇರಿಗೆ. ನಮ್ಮ ಭಜನಾ ಮಂದಿರಗಳನ್ನೂ ಯುವಕ ಮಂಡಲಗಳನ್ನೂ ನಡೆಸಿದವರಿಗೆ ಈ ಏಳು ಸಹಿಗಳ ಮಹಿಮೆ ಗೊತ್ತು: ಮೊದಲ ವರ್ಷ ಎಪ್ಪತ್ತು ಮಂದಿ ಮುಂದೆ ಬರುತ್ತಾರೆ, ಏಳನೆಯ ವರ್ಷ ಏಳು ಮಂದಿಯನ್ನು ಕೂಡಿಸುವುದಕ್ಕೆ ಕಾರ್ಯದರ್ಶಿಯು ಮನೆಮನೆ ತಿರುಗುತ್ತಾನೆ. ತೇಜಸ್ವಿನಿಯ ದಡದಲ್ಲಿಯೂ ಕಾರ್ಯದರ್ಶಿಯ ಚಪ್ಪಲಿ ಹೀಗೆಯೇ ಸವೆಯುತ್ತದೆ. ಒಂದು ವಾಚನಾಲಯ, ಒಂದು ಕೇರಂ ಹಲಗೆ, ಗೋಡೆಯ ಮೇಲೆ ನಾಯಕರ ಚಿತ್ರಗಳು, ಕಪಾಟಿನಲ್ಲಿ ಟ್ರೋಫಿಗಳು, ಮೇಜಿನ ಒಳಗೆ ವಂತಿಗೆಯ ರಶೀದಿ ಪುಸ್ತಕ: ಇದರಲ್ಲಿ ಹೊಸದೇನೂ ಇಲ್ಲ. ವ್ಯತ್ಯಾಸವಿರುವುದು ಹೊರಗೆ, ನೀರಿನಲ್ಲಿ.

ನಮ್ಮ ಸಂಘಗಳಲ್ಲಿ ಭಾನುವಾರ ಸಂಜೆ ಐದು ಗಂಟೆಗೆ ಅಭ್ಯಾಸವೆಂದು ಗೊತ್ತುಮಾಡಿದರೆ, ಐದೂವರೆಗೆ ಬಂದರೂ ಕಾರ್ಯ ನಡೆಯುತ್ತದೆ. ಯಕ್ಷಗಾನ ತಾಳಮದ್ದಳೆಯಾದರೆ ಆರೂವರೆಗೂ ಚಿಂತೆಯಿಲ್ಲ. ಉಬ್ಬರವಿಳಿತಗಳಿಗೆ ಅಧೀನವಾದ ಹೊಳೆಯಲ್ಲಿ ಹಾಗಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಅವು ಸುಮಾರು ಐವತ್ತು ನಿಮಿಷ ಹಿಂದುಳಿಯುತ್ತವೆ. ಈ ಐವತ್ತು ನಿಮಿಷವನ್ನು ಏಳರಿಂದ ಗುಣಿಸಿದರೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಎಂದರೆ, ಈ ಭಾನುವಾರ ಸಂಜೆ ಐದಕ್ಕೆ ಹೊಳೆ ತುಂಬಿ ದಡದ ತೆಂಗಿನ ಬುಡವನ್ನು ಮುಟ್ಟುತ್ತಿದ್ದರೆ, ಮುಂದಿನ ಭಾನುವಾರ ಅದೇ ಐದಕ್ಕೆ ಅದೇ ಸ್ಥಳದಲ್ಲಿ ಕೆಸರು ತೆರೆದುಕೊಂಡು ಏಡಿಗಳು ಓಡಾಡುತ್ತಿರುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಚೀಚೆ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಆದುದರಿಂದ ಅಭ್ಯಾಸದ ವೇಳಾಪಟ್ಟಿಯನ್ನು ಗಡಿಯಾರದಿಂದ ಮಾಡತಕ್ಕದ್ದಲ್ಲ, ತಿಥಿಯಿಂದ ಮಾಡತಕ್ಕದ್ದು. ದೇವರನ್ನು ನಂಬದ ತರುಣನೂ ದೋಣಿಯ ಸಲುವಾಗಿ ಪಂಚಾಂಗವನ್ನು ನೋಡಲೇಬೇಕು. ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ 1829ರಲ್ಲಿ ಮೊದಲ್ಗೊಂಡ ಆಕ್ಸ್‌ಫರ್ಡ್ ಕೇಂಬ್ರಿಡ್ಜುಗಳ ದೋಣಿ ಪಂದ್ಯಕ್ಕೂ ಇದೇ ನಿರ್ಬಂಧ. ಅಲ್ಲಿಯೂ ಏರುವ ಉಬ್ಬರದ ಹೊತ್ತನ್ನು ನೋಡಿಯೇ ಪಂದ್ಯದ ಗಳಿಗೆಯನ್ನು ನಿಶ್ಚಯಿಸುತ್ತಾರೆ.

ನೀರು ತಿರುಗುವ ಗಳಿಗೆಯನ್ನು ನಾನು ಒಮ್ಮೆ ಕಾದು ನೋಡಿದ್ದೇನೆ. ಕಡವಿನ ಹಳೆಯ ಮೆಟ್ಟಿಲ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ, ತಾರುಣ್ಯದಲ್ಲಿ ಚುಕ್ಕಾಣಿ ಹಿಡಿದಿದ್ದ ವೃದ್ಧರೊಬ್ಬರಿದ್ದರು. ನನಗೆ ಅವರ ಭಾಷೆ ಅರ್ಧ, ಅವರಿಗೆ ನನ್ನದು ಕಾಲು. ಹೊಳೆಯ ನಡುವೆ ಒಂದು ತೆಂಗಿನಕಾಯಿ ಸಿಪ್ಪೆ ಸಮುದ್ರದ ಕಡೆಗೆ ತೇಲುತ್ತಿದ್ದುದನ್ನು ಅವರು ಬೆರಳಿನಿಂದ ತೋರಿಸಿದರು. ಸಿಪ್ಪೆಯ ಓಟ ಮಂದವಾಯಿತು. ಒಂದು ಕಂಬದ ನೇರಕ್ಕೆ ಬಂದು ನಿಂತಿತು. ತುಸುಹೊತ್ತು ತನ್ನಷ್ಟಕ್ಕೆ ಸುತ್ತಿತು. ಅನಂತರ, ಯಾರೋ ಹೆಸರು ಹಿಡಿದು ಕರೆದಂತೆ, ಬಂದ ದಾರಿಯಲ್ಲಿಯೇ ಹಿಂದಿರುಗಿತು. ದಡಕ್ಕೆ ಸಮೀಪದ ನೀರು ಮಾತ್ರ ಅದಕ್ಕಿಂತ ಮೊದಲೇ ತಿರುಗಿದ್ದಿತು. ಈ ಅಂತರವನ್ನು ಅರಿತವನೇ ಚುಕ್ಕಾಣಿಗೆ ಅರ್ಹನೆಂದು ಅವರು ಕೈಸನ್ನೆಯಿಂದ ತಿಳಿಯಪಡಿಸಿದರು. ಎದುರು ನೀರಿನಲ್ಲಿ ಹೋಗಬೇಕಾದವನು ದಡವನ್ನು ಹಿಡಿಯುತ್ತಾನೆ, ಜೊತೆ ನೀರಿರುವವನು ನಡುಹೊಳೆಯನ್ನು ಬಿಡುವುದಿಲ್ಲ. ಇದಿಷ್ಟನ್ನು ಕಲಿಯುವುದಕ್ಕೆ ಅವರಿಗೆ ಹತ್ತು ಮಳೆಗಾಲ ಬೇಕಾಯಿತಂತೆ.

ಅಲ್ಲಿಯ ಪಂದ್ಯದ ದೋಣಿಗೆ ಚುರುಳನ್ ಎಂದು ಹೆಸರು. ಆಲಪ್ಪುಳದ ಚುಂಡನ್ ದೋಣಿಗಳಷ್ಟು ಭೀಮಕಾಯವಾದದ್ದಲ್ಲ. ಹದಿನೈದು ಮಂದಿ ತುಳಿಯುವುದು, ಇಪ್ಪತ್ತೈದು ಮಂದಿ ತುಳಿಯುವುದು ಎಂದು ಎರಡು ತರಗತಿ. ತುಳಿಯುವುದೆಂದರೆ ಕಾಲಿನಿಂದಲ್ಲ, ಹುಟ್ಟು ಹಾಕುವುದಕ್ಕೆ ಮಲೆಯಾಳದಲ್ಲಿರುವ ಮಾತು ನಮ್ಮ ಕಿವಿಗೆ ಹಾಗೆ ಕೇಳಿಸುತ್ತದೆ, ನಾನೂ ಮೊದಲು ಮೋಸಹೋದೆ. ಕೇರಳದ ದೋಣಿಗಳಿಗೆ ಹೆಚ್ಚಾಗಿ ಬಳಸುವ ಆಂಞಿಲಿಯು ನಮ್ಮ ಹೆಬ್ಬಲಸೇ ಹೊರತು ಬೇರೆಯಲ್ಲ. ಇಂಥ ಮರದ ದೊಡ್ಡ ಶತ್ರು ಬಂಡೆಯಲ್ಲ, ಹುಳು. ಉಪ್ಪುನೀರಿನಲ್ಲಿ ಬಹುಕಾಲ ಬಿಟ್ಟ ಮರವನ್ನು ಕೊರೆಯುವ ಹುಳುವೊಂದು ಹೊರಗಿನಿಂದ ಸೂಜಿಮೊನೆಯಷ್ಟು ತೂತನ್ನು ಮಾತ್ರ ತೋರಿಸಿ, ಒಳಗೆ ಹಲಗೆಯನ್ನು ಜೇನುಹುಟ್ಟಿನಂತೆ ಮಾಡಿಬಿಡುತ್ತದೆ. ಆದುದರಿಂದ ಪಂದ್ಯ ಮುಗಿದೊಡನೆ ದೋಣಿಯನ್ನು ಎತ್ತಿ, ಹೊತ್ತು, ಮಾಡಿನ ಅಡಿಯಲ್ಲಿ ಒರಗಿಸಿ, ಒಣಗಿಸಿ, ಎಣ್ಣೆ ಬಳಿಯಬೇಕು. ಈ ಕರಾವಳಿಯಲ್ಲಿ ಅದಕ್ಕೆ ಬೂತಾಯಿ ಮೀನಿನ ಎಣ್ಣೆಯೂ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಸಲ್ಲುತ್ತವೆ. ಗೇರಿನ ಹೆಸರೆತ್ತಿದಾಗ ಎಣ್ಮಕಜೆಯವನ ಮನಸ್ಸು ಒಂದು ಕ್ಷಣ ಬೇರೆಡೆಗೆ ಹೋಗುತ್ತದೆ; ನಮ್ಮ ಗುಡ್ಡೆಗಳ ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ವಿಷ ನಮ್ಮ ಎಷ್ಟು ಮನೆಗಳನ್ನು ಹಾಳುಮಾಡಿತೆಂಬುದನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಗಿಡದ ಸಿಪ್ಪೆಯೇ ಇನ್ನೊಂದು ತುದಿಯಲ್ಲಿ ಮರವನ್ನು ಹುಳುವಿನಿಂದ ಕಾಯುತ್ತಿರುವುದನ್ನು ಕಂಡಾಗ ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಪಂದ್ಯದ ದಿವಸದ ವರ್ಣನೆಯನ್ನು ವೃತ್ತಪತ್ರಿಕೆಗಳಿಗೆ ಬಿಡುತ್ತೇನೆ. ಉತ್ತರ ಮಲಬಾರು ಜಲೋತ್ಸವಕ್ಕೆ ಎರಡು ದಡಗಳಲ್ಲಿಯೂ ಜನ ಕಿಕ್ಕಿರಿಯುತ್ತಾರೆ, ಸ್ತ್ರೀಯರ ತಂಡಗಳೂ ಸ್ಪರ್ಧಿಸುತ್ತವೆ, ಕೂಗಿ ಕೂಗಿ ಎಲ್ಲರ ಗಂಟಲೂ ಕಟ್ಟುತ್ತದೆ. ಆ ಕೆಲವು ನಿಮಿಷಗಳಿಗಾಗಿ ಸಂಘವು ವರ್ಷಪೂರ್ತಿ ಹಣ ಕೂಡಿಸುವ ಬಗೆಯಲ್ಲಿಯೇ ನನಗೆ ಹೆಚ್ಚಿನ ಸ್ವಾರಸ್ಯ ಕಂಡಿತು. ಹುಟ್ಟು ಹಾಕುವವರು ಹೊಯಿಗೆ ತೆಗೆಯುವವರು, ಮೀನು ಹಿಡಿಯುವವರು, ಗಾರೆ ಕೆಲಸದವರು. ಇಪ್ಪತ್ತೈದು ಮಂದಿ ಕೆಲವು ವಾರ ಬೇಗ ಕೆಲಸ ಬಿಟ್ಟು ಬರುವುದೆಂದರೆ ಅಷ್ಟು ಮನೆಗಳ ಕೂಲಿಯಲ್ಲಿ ಅಷ್ಟಷ್ಟು ಕಡಿತ. ಅಭ್ಯಾಸದ ದಿನಗಳ ಊಟ ಸಂಘದ್ದು. ಗೆದ್ದರೆ ಬರುವ ಬಹುಮಾನವು ಅಕ್ಕಿ ಸಾಮಾನುಗಳ ಸಾಲವನ್ನು ತೀರಿಸಿದರೆ ಅದೇ ದೊಡ್ಡದು. ಉಳಿದದ್ದಕ್ಕೆ ಕೂಪನ್, ಊರ ಅಂಗಡಿಯವರು, ಮತ್ತು ಕೊಲ್ಲಿ ದೇಶಗಳಲ್ಲಿದ್ದು ಊರಿನ ಹೊಳೆಯನ್ನು ಮೊಬೈಲಿನಲ್ಲಿ ನೋಡುವ ಮಕ್ಕಳು. 1990ರ ದಶಕದ ನಡುವಿನಿಂದ ಪಡನ್ನ, ಚೆರುವತ್ತೂರುಗಳ ಹಿನ್ನೀರಿನಲ್ಲಿ ಸ್ತ್ರೀಯರ ಸ್ವಸಹಾಯ ಸಂಘಗಳು ಹಗ್ಗ ಇಳಿಬಿಟ್ಟು ನೀಲಿಕಲ್ಲೆಂಬ ಚಿಪ್ಪುಮೀನನ್ನು ಬೆಳೆಸಲಾರಂಭಿಸಿದ ಮೇಲೆ, ಮನೆಯ ಹಣದ ವಿಚಾರದಲ್ಲಿ ಹೆಂಗಸರ ಮಾತಿಗೂ ತೂಕ ಬಂದಿದೆಯೆಂದು ಹೇಳುತ್ತಾರೆ. ಹೊಳೆಯೇ ಕೊಟ್ಟ ಹಣದಲ್ಲಿ ಸ್ವಲ್ಪ ಹೊಳೆಗೇ ಹೋಗುವುದು ನ್ಯಾಯವೇ ಸರಿ.

ಆದರೆ ದೋಣಿಯು ನಿತ್ಯಜೀವನದ ಅಗತ್ಯವಾಗಿ ಉಳಿದಿಲ್ಲ. ಕುದ್ರುಗಳಿಗೆ ಸೇತುವೆಗಳಾದುವು, ಕಡವುಗಳು ನಿಂತುವು, ಹಾಲು, ಅಕ್ಕಿ, ಮದುಮಗಳು ಎಲ್ಲವೂ ದೋಣಿಯಲ್ಲಿ ಬರುತ್ತಿದ್ದ ಕಾಲ ಮುಗಿಯಿತು. ಹಿಂದೆ ಹುಟ್ಟು ಹಾಕುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಈಗ ಸಂಘವೇ ಕಲಿಸಬೇಕು, ಇಲ್ಲವಾದರೆ ದಡದಲ್ಲಿ ಹುಟ್ಟಿದವನಿಗೂ ನೀರು ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಸಂಘದ ನಿಜವಾದ ಕೆಲಸ ಇದೇ. ಕಪಾಟಿನ ಟ್ರೋಫಿಗಳು ಇದರ ಉಪಫಲ.

ಹೊಳೆಯೂ ಹಿಂದಿನಂತೆ ಉಳಿದಿಲ್ಲ. ಪಾಲಾಯಿಯಲ್ಲಿ ಈಚೆಗೆ ಅದಕ್ಕೆ ಅಡ್ಡವಾಗಿ ಬಾಗಿಲುಗಳುಳ್ಳ ಕಟ್ಟೆ-ಸೇತುವೆಯಾಗಿದೆ. ಬೇಸಿಗೆಯಲ್ಲಿ ಉಪ್ಪುನೀರು ಮೇಲೇರಿ ಗದ್ದೆ ಬಾವಿಗಳನ್ನು ಕೆಡಿಸದಂತೆ ತಡೆಯುವುದಕ್ಕೆ ಅದು ಬೇಕಾದದ್ದೇ. ಪಯಸ್ವಿನಿಯ ಬಾವಿಕ್ಕರೆಯಲ್ಲಿ ಮರಳಿನ ಚೀಲಗಳ ತಾತ್ಕಾಲಿಕ ಒಡ್ಡು ಸೋತ ಬೇಸಿಗೆಗಳಲ್ಲಿ ಕಾಸರಗೋಡು ಪಟ್ಟಣದ ನಲ್ಲಿಗಳಿಂದ ಉಪ್ಪುನೀರು ಬಂದದ್ದನ್ನು ಕುಡಿದವರು ಮರೆಯುವುದಿಲ್ಲ. ಪಾಲಾಯಿಯ ಆ ಕಟ್ಟೆಯನ್ನು ನೋಡುತ್ತ ನಿಂತಾಗಲೇ ನನಗೆ ಈ ಲೇಖನವನ್ನು ಬರೆಯುವ ಅಧಿಕಾರ ದೊರೆತಂತಾದದ್ದು. ಕಟ್ಟವೆಂದರೆ ನಮ್ಮದಲ್ಲವೆ? ಡಿಸೆಂಬರಿನಲ್ಲಿ ತೋಡಿನ ಹರಿವು ಸಣ್ಣಗಾದೊಡನೆ ಬೈಲಿನವರೆಲ್ಲ ಸೇರಿ, ಕಲ್ಲೊಟ್ಟಿ, ಮಣ್ಣು ತುಂಬಿ, ತುಳಿದು, ನೀರನ್ನು ನಿಲ್ಲಿಸಿ, ಕಂಗಿನ ತೋಟಗಳನ್ನೂ ಬಾವಿಗಳನ್ನೂ ಬದುಕಿಸಿದ ಆ ವ್ಯವಸ್ಥೆಗೆ ನೋಂದಣಿ ಇರಲಿಲ್ಲ, ನಾಯಕರ ಚಿತ್ರವಿರಲಿಲ್ಲ. ಆದರೆ ಯಾರ ತೋಟ ಎಷ್ಟು, ಯಾರಿಂದ ಎಷ್ಟು ಆಳು, ಯಾರು ಹೋದ ವರ್ಷದ ಬಾಕಿ ಎಂಬ ಲೆಕ್ಕವಂತೂ ಇದ್ದಿತು. ಮೊದಲ ಮಳೆಗೆ ಕಟ್ಟ ಕೊಚ್ಚಿಹೋಗುತ್ತಿತ್ತು, ಲೆಕ್ಕ ಮಾತ್ರ ಮುಂದಿನ ವರ್ಷಕ್ಕೆ ಉಳಿಯುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಬೈಲುಗಳಲ್ಲಿ ಅದೂ ನಿಂತಿತು.

ಅಚ್ಚಾಂತುರುತ್ತಿಯ ಕಡೆಯವರಿಗೆ ತಮ್ಮ ಸಂಘಗಳ ಹಳೆಯ ಕತೆಯನ್ನು ಹೇಳಲು ದೋಣಿಯಾದರೂ ಎದುರಿಗಿದೆ. ನಮ್ಮ ಕಟ್ಟಗಳ ಕತೆಗೆ ಅಟ್ಟದ ಮೇಲಿನ ಆ ಲೆಕ್ಕದ ಪುಸ್ತಕಗಳಲ್ಲದೆ ಬೇರೆ ಸಾಕ್ಷಿಯಿಲ್ಲ. ಪೆರ್ಲ, ಪಡ್ರೆ, ಶೇಣಿ, ಬಜಕೂಡ್ಲು ಕಡೆಯ ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂಥದೊಂದು ಪುಸ್ತಕ, ಗೆದ್ದಲು ತಿಂದದ್ದಾದರೂ ಚಿಂತೆಯಿಲ್ಲ, ಉಳಿದಿದ್ದರೆ ಅದನ್ನು ಗುಜರಿಯವನಿಗೆ ಕೊಡಬೇಡಿ. ಈ ಸಂಚಿಕೆಯ ಸಂಪಾದಕರಿಗೆ ತಲುಪಿಸಿ.