ಜೋಡಿ ನಗರಗಳ ನಡುವಣ ದಾರಿ

ಅರ್ಧ ಶತಮಾನದ ಹಿಂದೆ, ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, ಸೊಲ್ಲಾಪುರದಿಂದ ಧಾರವಾಡಕ್ಕೆ ಹೋಗುವುದೆಂದರೆ ಒಂದು ತಪಸ್ಸೇ ಆಗಿತ್ತು. ಹೊಟಗಿ, ವಿಜಾಪುರ, ಬಾಗಲಕೋಟೆ, ಗದಗಿನ ಮಾರ್ಗವಾಗಿ ಮೀಟರ್‌ಗೇಜ್ ಗಾಡಿ ನಮ್ಮನ್ನು ಹುಬ್ಬಳ್ಳಿಗೆ ಮುಟ್ಟಿಸುತ್ತಿತ್ತು. ಅಲ್ಲಿಂದ ಉಳಿದದ್ದು ಸುಮಾರು 20 ಕಿಲೋಮೀಟರ್ ಮಾತ್ರ. ಆದರೆ ಇಡೀ ಪ್ರಯಾಣದ ಆಯಾಸವೆಲ್ಲ ಆ ಕೊನೆಯ ತುಂಡಿನಲ್ಲೇ ಅಡಗಿತ್ತು. ಕಿಕ್ಕಿರಿದ ಬಸ್ಸಿನಲ್ಲಿ ಹಾಸಿಗೆ ಸುರುಳಿಯನ್ನು ಎದೆಗವಚಿಕೊಂಡು ಒಂಟಿಗಾಲಿನಲ್ಲಿ ನಿಂತದ್ದು ಇಂದಿಗೂ ನೆನಪಿದೆ. ಆ ಸಣ್ಣ ದಾರಿಯ ಚರಿತ್ರೆ ಗಡಿಯಾಚೆ ನೆಲಸಿದ ನಮಗೂ ಮನನಯೋಗ್ಯವಾದುದು.

ಹುಬ್ಬಳ್ಳಿ ಮತ್ತು ಧಾರವಾಡ ಹುಟ್ಟುಗುಣದಲ್ಲಿ ಬೇರೆ ಬೇರೆ. ಹತ್ತಿ ವ್ಯಾಪಾರ, ರೈಲ್ವೆ ಕಾರ್ಖಾನೆಗಳಿಂದ ಹುಬ್ಬಳ್ಳಿ ದುಡಿಮೆಯ ಊರಾಯಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಂಡ, 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ನೆಲೆಯಾದ ಧಾರವಾಡ ವಿದ್ಯೆಯ ಊರಾಯಿತು. ಒಂದರ ಸಂತೆಗೆ ಇನ್ನೊಂದರ ಜನ, ಇನ್ನೊಂದರ ಶಾಲೆಗೆ ಮೊದಲನೆಯದರ ಮಕ್ಕಳು. ಈ ಕೊಡುಕೊಳ್ಳುವಿಕೆಯನ್ನು ಮನಗಂಡೇ 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರ ಪಾಲಿಕೆಯಡಿ ತರಲಾಯಿತು. ಕಾಗದದ ಮೇಲೆ ನಗರಗಳು ಕೂಡಿದವು. ದಾರಿಯ ಕಷ್ಟ ಮಾತ್ರ ಹಾಗೆಯೇ ಉಳಿಯಿತು.

ಬಸ್ಸಿಗೆಂದೇ ರಸ್ತೆಯ ನಡುವೆ ಮೀಸಲು ಪಥವನ್ನು ಬಿಡುವ ಪದ್ಧತಿಗೆ ಬ್ರೆಜಿಲ್ ದೇಶದ ಕುರಿಟಿಬಾ ನಗರ 1974ರಲ್ಲಿ ಮೇಲ್ಪಂಕ್ತಿ ಹಾಕಿಕೊಟ್ಟಿತು. ಕೊಲಂಬಿಯಾದ ಬೊಗೋಟಾ 2000ದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. 2013ರ ಕೊನೆಗೆ ಆ ನಗರದ ಬಸ್ಸುಗಳು ತಮ್ಮ ಪಾಲಿಕೆಯ ಎಲ್ಲೆಯನ್ನು ದಾಟಿ, ಪ್ರತ್ಯೇಕ ಆಡಳಿತವುಳ್ಳ ನೆರೆಯ ಸೋವಾಚಾ ನಗರವನ್ನು ಪ್ರವೇಶಿಸಿದವು. ನಮ್ಮ ದೇಶದಲ್ಲಿ 2006ರಲ್ಲಿ ಪುಣೆ ಮೊದಲ ಹೆಜ್ಜೆಯಿಟ್ಟಿತು. ಕಾತ್ರಜದಿಂದ ಸ್ವಾರಗೇಟ್ ಮೂಲಕ ಹಡಪಸರದವರೆಗಿನ ಆ ಪಥದ ಒಂದು ಭಾಗ ನಮ್ಮ ಸೊಲ್ಲಾಪುರದ ರಸ್ತೆಯೇ ಆಗಿತ್ತು. ಆದರೆ ಮೀಸಲು ಪಥಕ್ಕೆ ಇತರ ವಾಹನಗಳು ನುಗ್ಗುವುದನ್ನು ತಡೆಯಲಾಗದೆ ಆ ಪ್ರಯೋಗ ನೆಲೆಯೂರಲಿಲ್ಲ. ಗೆರೆ ಎಳೆಯುವುದು ಸುಲಭ, ಕಾಯುವುದು ಕಷ್ಟ.

ಜೋಡಿ ನಗರಗಳಲ್ಲಿ ಈ ವ್ಯವಸ್ಥೆ ವಿಶ್ವಬ್ಯಾಂಕಿನ ನೆರವಿನೊಡನೆ ರೂಪುಗೊಂಡು, 2018ರ ಅಕ್ಟೋಬರ್ 2ರಂದು ಪ್ರಾಯೋಗಿಕವಾಗಿ ಆರಂಭವಾಯಿತು. 2020ರ ಫೆಬ್ರವರಿಯಲ್ಲಿ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಸುಮಾರು 22 ಕಿಲೋಮೀಟರ್ ಉದ್ದದ ಈ ಮಾರ್ಗದ ಬಸ್ಸಿಗೆ 'ಚಿಗರಿ' ಎಂದು ಹೆಸರಿಟ್ಟವರ ಕನ್ನಡ ಪ್ರೀತಿ ದೊಡ್ಡದು. ಬಯಲುಸೀಮೆಯ ಕೃಷ್ಣಮೃಗದ ಓಟ ಆ ಒಂದು ಪದದಲ್ಲಿದೆ. ನಿಲ್ದಾಣದಲ್ಲೇ ಟಿಕೆಟ್ ಪಡೆದು, ಬಸ್ಸಿನ ನೆಲದ ಮಟ್ಟಕ್ಕೇ ಕಟ್ಟಿದ ವೇದಿಕೆಯಿಂದ ಮೆಟ್ಟಿಲು ಹತ್ತದೆ ಒಳಗೆ ಕಾಲಿಡಬಹುದು. ಮಂಡಿನೋವಿನ ನನ್ನಂಥ ವೃದ್ಧನಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಇತಿಹಾಸ ಬರೆಯುವವನು ಲಾಭವನ್ನಷ್ಟೇ ಎಣಿಸಬಾರದು. ರಸ್ತೆಯ ಅಗಲೀಕರಣಕ್ಕೆ ಸಾಲುಮರಗಳು ಬಲಿಯಾದವು. ಅಂಚಿನ ಅಂಗಡಿ, ಮನೆಗಳವರು ಜಾಗ ಬಿಟ್ಟುಕೊಟ್ಟರು. ಬಸ್ಸಿಗೆ ಪಥ ಮೀಸಲಾದ ಮೇಲೆ ಉಳಿದ ವಾಹನಗಳಿಗೆ ದಾರಿ ಇಕ್ಕಟ್ಟಾಯಿತೆಂಬ ದೂರು ಎದ್ದಿತು. ಉಣಕಲ್, ನವನಗರ, ರಾಯಾಪುರ, ನವಲೂರು ಮುಂತಾದ ನಡುವಣ ನೆಲೆಗಳ ಜನರ ಕಣ್ಣಿನಿಂದಲೂ ಈ ಮಾರ್ಗವನ್ನು ಅಳೆಯಬೇಕು. ಎರಡು ತುದಿಗಳ ನಡುವೆ ಎಷ್ಟು ನಿಮಿಷ ಉಳಿಯಿತೆಂಬುದು ಒಂದು ಲೆಕ್ಕ; ನಡುವಿನ ಊರಿನ ಹೆಣ್ಣುಮಗಳು ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಾಲೇಜಿಗೆ ನಿರಾತಂಕವಾಗಿ ಸೇರುವಳೇ ಎಂಬುದು ಇನ್ನೊಂದು ಲೆಕ್ಕ. ಎರಡನೆಯದಕ್ಕೆ ಒಳಊರುಗಳಿಂದ ನಿಲ್ದಾಣಕ್ಕೆ ಬಂದು ಕೂಡುವ ಸಣ್ಣ ಬಸ್ಸುಗಳು ಬೇಕು. ಉಪನದಿಗಳಿಲ್ಲದೆ ಯಾವ ಹೊಳೆ ತುಂಬಿ ಹರಿದೀತು?

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. 1962ರಲ್ಲಿ ಕೂಡಿದ ಮನೆ ಹೀಗೆ ಪಾಲಾಗುವಾಗ, ನಡುವಿನ ಅಂಗಳ ಯಾರದೆಂಬ ಪ್ರಶ್ನೆ ಏಳುವುದು ಸಹಜ. ದಾರಿ ಪಾಲಾಗಬಾರದು ಎಂಬುದೇ ನನ್ನ ಅರಿಕೆ. ಬೊಗೋಟಾದ ಬಸ್ಸು ಸೋವಾಚಾಕ್ಕೆ ಹೋಗಬಹುದಾದರೆ, ಎರಡು ಪಾಲಿಕೆಗಳ ನಡುವೆ ಚಿಗರಿಯ ಓಟಕ್ಕೆ ಅಡ್ಡಿಯೇನು?

ಈ ಮಾತನ್ನು ಹೇಳಲು ಸೊಲ್ಲಾಪುರದವರಿಗೆ ಒಂದು ಅಧಿಕಾರವಿದೆ. 1956ರವರೆಗೆ ಸೊಲ್ಲಾಪುರ, ಧಾರವಾಡಗಳೆರಡೂ ಮುಂಬಯಿಯ ಒಂದೇ ಆಡಳಿತದಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಧಾರವಾಡ ಕನ್ನಡನಾಡಿಗೆ ಸೇರಿತು, ನಾವು ಈಚೆ ಉಳಿದೆವು. ಆದರೂ ಹೊಟಗಿಯ ಗಾಡಿ ನಿಲ್ಲಲಿಲ್ಲ. ಅದರಲ್ಲಿ ಪುಸ್ತಕಗಳು ಬಂದವು, ಸೊಸೆಯಂದಿರು ಬಂದರು, ಮದುವೆಯ ಕರೆಯೋಲೆಗಳು ಬಂದವು. ನಕಾಶೆ ನಮ್ಮನ್ನು ಬೇರ್ಪಡಿಸಿತು. ದಾರಿ ನಮ್ಮನ್ನು ಕನ್ನಡಿಗರನ್ನಾಗಿ ಉಳಿಸಿತು.