‘ದರ್ಜಿ’ ಪದದ ಮೂಲ ಯಾವುದು?

ಅಳತೆಗೆ ತಕ್ಕಂತೆ ಬಟ್ಟೆಯನ್ನು ಕತ್ತರಿಸಿ, ಹೊಲಿದು, ಉಡುಪು ಸಿದ್ಧಪಡಿಸುವ ಕಸುಬಿನವನಿಗೆ ಕನ್ನಡದಲ್ಲಿ ‘ದರ್ಜಿ’ ಎಂಬ ಹೆಸರಿದೆ. ಇದು ಪಾರಸಿ ಮೂಲದ ಪದ. ಆ ಭಾಷೆಯಲ್ಲಿ ‘ದರ್ಜ಼್’ ಎಂದರೆ ಬಟ್ಟೆಯ ಎರಡು ತುಂಡುಗಳು ಕೂಡುವಲ್ಲಿನ ಹೊಲಿಗೆಯ ಗೆರೆ. ಅದಕ್ಕೆ ‘ಈ’ ಪ್ರತ್ಯಯ ಸೇರಿ ‘ದರ್ಜ಼ೀ’, ಅಂದರೆ ಹೊಲಿಗೆಯವನು, ಎಂದಾಗಿದೆ. ಪಾರಸಿಯ ‘ಜ಼’ ಧ್ವನಿ ಕನ್ನಡದಲ್ಲಿ ಇಲ್ಲವಾದ್ದರಿಂದ ಜಮೀನು, ಖಜಾನೆ ಪದಗಳಲ್ಲಿ ಆದಂತೆ ಇಲ್ಲಿಯೂ ಅದು ‘ಜ’ಕಾರವಾಗಿ ನಿಂತಿತು.

‘ಪ್ರಥಮ ದರ್ಜೆ’ ಎನ್ನುವಾಗಿನ ‘ದರ್ಜೆ’ಗೂ ಇದಕ್ಕೂ ಸಂಬಂಧವಿಲ್ಲ. ಅದು ಮೆಟ್ಟಿಲು, ಅಂತಸ್ತು ಎಂಬರ್ಥದ ಅರಬ್ಬಿಯ ‘ದರಜಾ’ದಿಂದ ಬಂದದ್ದು.

ಇಂಗ್ಲಿಷಿನ ‘ಟೈಲರ್’ ಪದದ ಬೇರು ‘ಕತ್ತರಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ಅಲ್ಲಿ ಕತ್ತರಿಗೆ ಪ್ರಾಧಾನ್ಯ, ಪಾರಸಿಯಲ್ಲಿ ಸೂಜಿಗೆ. ಒಂದೇ ಕಸುಬನ್ನು ಒಂದು ಭಾಷೆ ಬೇರ್ಪಡಿಸುವ ಕೆಲಸದಿಂದ ಗುರುತಿಸಿದರೆ ಇನ್ನೊಂದು ಕೂಡಿಸುವ ಕೆಲಸದಿಂದ ಗುರುತಿಸಿದೆ.

ಪದ ಹೊರಗಿನದಾದ್ದರಿಂದ ಹೊಲಿಗೆಯೂ ಹೊರಗಿನಿಂದಲೇ ಬಂತು ಎಂಬ ವಾದ ಆಗಾಗ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲ. ಸಂಸ್ಕೃತದ ‘ಅಮರಕೋಶ’ದಲ್ಲಿ ನೇಕಾರನಿಗೆ ‘ತಂತುವಾಯ’ ಎಂದೂ, ಹೊಲಿಯುವವನಿಗೆ ‘ತುನ್ನವಾಯ’, ‘ಸೌಚಿಕ’ ಎಂದೂ ಪ್ರತ್ಯೇಕ ಹೆಸರುಗಳಿವೆ. ಹಳಗನ್ನಡದ ‘ಪೊಲಿ’ಯೇ ಇಂದಿನ ‘ಹೊಲಿ’. 12ನೇ ಶತಮಾನದ ವಚನಕಾರರ ಸಾಲಿನಲ್ಲಿ ‘ಸೂಜಿಕಾಯಕದ ರಾಮಿತಂದೆ’ ಎಂಬ ಹೆಸರೇ ಇದೆ. ಬಹಮನಿ, ಆದಿಲ್ ಶಾಹಿ, ಮೊಘಲ್ ಹಾಗೂ ಟಿಪ್ಪುವಿನ ಆಳ್ವಿಕೆಗಳಲ್ಲಿ ಪಾರಸಿಗೆ ದೊರೆತ ಮನ್ನಣೆಯಿಂದ ನೂರಾರು ಪದಗಳು ಕನ್ನಡವನ್ನು ಹೊಕ್ಕವು. ಮೊದಲೇ ಇದ್ದ ಕಸುಬಿಗೆ ಹೊಸ ಹೆಸರು ಬಂದದ್ದಷ್ಟೇ.

ದರ್ಜಿಯ ಮೇಜಿನ ಮೇಲೂ ಇದೇ ಬೆರಕೆ ಕಾಣುತ್ತದೆ. ಸೂಜಿ, ಕತ್ತರಿ ಸಂಸ್ಕೃತದವು. ಒಳಪದರಿನ ಬಟ್ಟೆಯಾದ ‘ಅಸ್ತರು’ ಪಾರಸಿಯದು, ಜೇಬು ಅರಬ್ಬಿಯದು. ಗುಂಡಿ ತೂರಿಸುವ ‘ಕಾಜಾ’, ಮನೆ ಎಂಬರ್ಥವೂ ಇರುವ ಪೋರ್ಚುಗೀಸರ ‘ಕಾಜ಼’. ನೂಲು ಮಾತ್ರ ಅಪ್ಪಟ ದ್ರಾವಿಡ.

ಕನ್ನಡದಲ್ಲಿ ಈ ಕಸುಬಿನವನಿಗೆ ‘ಚಿಪ್ಪಿಗ’, ‘ಸಿಂಪಿಗ’ ಎಂಬ ಹೆಸರುಗಳೂ ಇವೆ. ಮರಾಠಿಯ ‘ಶಿಂಪಿ’ ಇವಕ್ಕೆ ಹತ್ತಿರದ ನೆಂಟ. ಆದರೆ ‘ಸಿಂಪಿ’ ಕಾಲಕ್ರಮೇಣ ಸಮುದಾಯದ, ಮನೆತನದ ಹೆಸರಾಗಿ ಗಟ್ಟಿಗೊಂಡಿತು. ಚಡಚಣದ ಜಾನಪದ ವಿದ್ವಾಂಸ ಸಿಂಪಿ ಲಿಂಗಣ್ಣನವರ ಹೆಸರನ್ನು ಕೇಳಿದಾಗ ಸೂಜಿ-ದಾರ ನೆನಪಾಗುವುದು ಯಾರಿಗೆ? ‘ದರ್ಜಿ’ ಗುಜರಾತಿನ ಕಡೆ ಅಡ್ಡಹೆಸರಾಗಿದ್ದರೂ ಕನ್ನಡದಲ್ಲಿ ಬಹುಮಟ್ಟಿಗೆ ಕಸುಬಿನ ಹೆಸರಾಗಿಯೇ ಉಳಿದಿದೆ.

ಈಗ ಆ ಸ್ಥಾನಕ್ಕೂ ಕುತ್ತು ಬಂದಿದೆ. ಅಂಗಡಿಯ ಫಲಕಗಳಲ್ಲಿ ‘ಟೈಲರ್ಸ್’ ಎಂಬುದೇ ರೂಢಿ. ಹಳೆಯ ಪದಕ್ಕೆ ಆಸರೆಯಾಗಿರುವುದು ಸರ್ಕಾರಿ ಕಡತ: 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಪಿಎಂ ವಿಶ್ವಕರ್ಮ’ ಯೋಜನೆಯ 18 ಸಾಂಪ್ರದಾಯಿಕ ಕಸುಬುಗಳ ಪಟ್ಟಿಯಲ್ಲಿ ‘ದರ್ಜಿ’ಗೆ ಸ್ಥಾನವಿದೆ.

ಆದರೆ ಇಂದು ಹೊಲಿಗೆಯ ಬಹುಪಾಲು ಭಾರ ಹೊತ್ತವರಿಗೆ ಈ ಹೆಸರು ಸಲ್ಲುತ್ತಿಲ್ಲ. ಮಹಿಳೆಯರೇ ಹೆಚ್ಚಾಗಿರುವ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಒಬ್ಬಾಕೆ ಕಾಲರನ್ನು, ಇನ್ನೊಬ್ಬಾಕೆ ತೋಳನ್ನು ಹೊಲಿಯುತ್ತಾಳೆ. ಇಡೀ ಅಂಗಿ ಯಾರೊಬ್ಬರ ಕೈಯಲ್ಲೂ ಪೂರ್ಣಗೊಳ್ಳುವುದಿಲ್ಲ. ಅವರನ್ನು ಜನ ‘ಗಾರ್ಮೆಂಟ್ಸ್‌ಗೆ ಹೋಗುವವರು’ ಎನ್ನುತ್ತಾರೆ. ‘ದರ್ಜಿ’ಗೆ ಬಳಕೆಯಲ್ಲಿ ನಿಂತ ಸ್ತ್ರೀಲಿಂಗ ರೂಪವೂ ಇಲ್ಲ. ಮನೆಯಲ್ಲೇ ರವಿಕೆ ಹೊಲಿದು ಸಂಸಾರ ತೂಗಿಸುವಾಕೆ ಬೀದಿಯವರಿಗೆಲ್ಲ ‘ಬಟ್ಟೆ ಹೊಲಿಯುವ ಅಕ್ಕ’.