ಕಾರ್ಮಿಕ ಕಾನೂನುಗಳ ಬದಲಾವಣೆ ಮತ್ತು ಮಾಲೀಕರ ಪಾಲನೆ

ಕೆಲಸಗಾರರಿಗೆ ಸಂಬಂಧಿಸಿದ ಕಾನೂನು, ನಿಯಮ, ದರಗಳು ಬದಲಾದಾಗ ಅದಕ್ಕೆ ತಕ್ಕಂತೆ ಸಂಬಳ, ದಾಖಲೆ ಮತ್ತು ನೇಮಕಾತಿ ಷರತ್ತುಗಳನ್ನು ತಿದ್ದಿಕೊಳ್ಳುವುದು ಮಾಲೀಕರ ಶಾಸನಬದ್ಧ ಹೊಣೆ. ಭಾರತದಲ್ಲಿ ಕಾರ್ಮಿಕ ವಿಷಯ ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರ, ರಾಜ್ಯ ಎರಡೂ ಶಾಸನ ಮಾಡುತ್ತವೆ. ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯ ಮಾಲೀಕರು ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನೂ ಕೇಂದ್ರದ ಭವಿಷ್ಯನಿಧಿ, ಇಎಸ್‌ಐ ನಿಯಮಗಳನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ.

ಕಾನೂನು ಅಂಗೀಕಾರವಾದ ದಿನಕ್ಕಿಂತ ಅದು ಜಾರಿಗೆ ಬಂದ ದಿನ ಮುಖ್ಯ. 29 ಕೇಂದ್ರ ಕಾಯ್ದೆಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ವೇತನ ಸಂಹಿತೆಗೆ 2019ರಲ್ಲಿ, ಉಳಿದ ಮೂರಕ್ಕೆ 2020ರಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಜಾರಿ ಅಧಿಸೂಚನೆ ಹೊರಟದ್ದು ಮಾತ್ರ 2025ರ ನವೆಂಬರ್ 21ರಂದು. ಹೊಸ ಸಂಹಿತೆಗೆ ವಿರುದ್ಧವಾಗದ ಹಳೆಯ ನಿಯಮಗಳು ಸಂಕ್ರಮಣ ಕಾಲದಲ್ಲಿ ಮುಂದುವರಿಯುತ್ತವೆ.

ಸಂಹಿತೆಗಳ ಬದಲಾವಣೆಗಳಲ್ಲಿ ಲೆಕ್ಕಪತ್ರಕ್ಕೆ ನೇರವಾಗಿ ತಟ್ಟುವುದು ವೇತನದ ವ್ಯಾಖ್ಯೆ. ವ್ಯಾಖ್ಯೆಯಿಂದ ಹೊರಗಿಟ್ಟ ಭತ್ಯೆಗಳ ಮೊತ್ತ ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವಾಗುತ್ತದೆ. 30,000 ರೂಪಾಯಿ ಸಂಬಳದಲ್ಲಿ ಮೂಲ ವೇತನ 10,000, ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ 20,000 ಎಂದಿಟ್ಟುಕೊಳ್ಳಿ. ಹೆಚ್ಚುವರಿ 5,000 ಸೇರಿ ವೇತನ 15,000 ಆಗುತ್ತದೆ. ವರ್ಷಕ್ಕೆ 15 ದಿನದ ವೇತನದಂತೆ, ತಿಂಗಳಿಗೆ 26 ದಿನ ಹಿಡಿದು ಲೆಕ್ಕ ಹಾಕಿದರೆ ಹತ್ತು ವರ್ಷದ ಗ್ರಾಚ್ಯುಟಿ ಸುಮಾರು 57,692 ರೂಪಾಯಿಯಿಂದ 86,538ಕ್ಕೆ ಏರುತ್ತದೆ. ಮೂಲ ವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಹಿಗ್ಗಿಸುವ ಹಳೆಯ ಜಾಣತನಕ್ಕೆ ಈ ಉಪಬಂಧವೇ ಉತ್ತರ. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬ ನಿಯಮವೂ ವೇತನ ಸಂಹಿತೆಯಲ್ಲಿದೆ. ತಿಂಗಳ ಕೊನೆಗೆ ಒಮ್ಮೆ ಮಾತ್ರ ಲೆಕ್ಕ ತೆಗೆಯುವ ಕಚೇರಿಗಳಿಗೆ ಇದು ಸುಲಭದ್ದಲ್ಲ.

ಕೆಲವು ತಿದ್ದುಪಡಿಗಳು ಹಿಂದಿನ ದಿನಾಂಕದಿಂದ ಅನ್ವಯವಾಗುತ್ತವೆ. ಬೋನಸ್ ಅರ್ಹತೆಯ ವೇತನ ಮಿತಿಯನ್ನು 10,000 ರೂಪಾಯಿಯಿಂದ 21,000ಕ್ಕೆ ಏರಿಸಿದ 2015ರ ತಿದ್ದುಪಡಿಗೆ 2014ರ ಏಪ್ರಿಲ್ 1ರಿಂದಲೇ ಪೂರ್ವಾನ್ವಯ ಕೊಡಲಾಯಿತು. ಮುಗಿದುಹೋದ ವರ್ಷದ ಲೆಕ್ಕವನ್ನು ಮತ್ತೆ ತೆರೆಯಬೇಕಾದ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. ಕರ್ನಾಟಕವೂ ಸೇರಿ ಕೆಲವು ಹೈಕೋರ್ಟುಗಳು ಪೂರ್ವಾನ್ವಯಕ್ಕೆ ಮಧ್ಯಂತರ ತಡೆ ನೀಡಿದವು.

ಇದಕ್ಕೆ ವಿರುದ್ಧವಾಗಿ, ಪ್ರಕಟವಾದ ಬದಲಾವಣೆ ನಡುವೆಯೇ ನಿಂತುಹೋದ ಉದಾಹರಣೆಗಳೂ ಇವೆ. ಭವಿಷ್ಯನಿಧಿ ಹಣ ಹಿಂಪಡೆಯುವುದನ್ನು ನಿರ್ಬಂಧಿಸಿದ ಅಧಿಸೂಚನೆಯನ್ನು ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕರು 2016ರ ಏಪ್ರಿಲ್‌ನಲ್ಲಿ ಬೀದಿಗಿಳಿದು ವಿರೋಧಿಸಿದ ಬಳಿಕ ಕೇಂದ್ರ ಹಿಂತೆಗೆದುಕೊಂಡಿತು. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಕರ್ನಾಟಕದ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿದರೂ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಪತ್ರಿಕೆಯ ತಲೆಬರಹ ಓದಿ ನೇಮಕಾತಿ ನೀತಿ ಬದಲಿಸುವ ಮುನ್ನ ರಾಜ್ಯಪತ್ರ ನೋಡುವುದು ಕ್ಷೇಮ.

ವರ್ಷವರ್ಷವೂ ಬರುವ ಬದಲಾವಣೆಗಳು ಸದ್ದು ಮಾಡುವುದಿಲ್ಲ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಪ್ರತಿ ಏಪ್ರಿಲ್ 1ರಂದು ಪರಿಷ್ಕರಣೆಯಾಗುತ್ತದೆ. ಕಾರ್ಮಿಕ ಕಲ್ಯಾಣ ನಿಧಿಯ ವಾರ್ಷಿಕ ವಂತಿಗೆ ಕಾರ್ಮಿಕರಿಗೆ 20 ರೂಪಾಯಿಯಿಂದ 50ಕ್ಕೆ, ಮಾಲೀಕರಿಗೆ 40ರಿಂದ 100ಕ್ಕೆ ಏರಿತು. ಮೊತ್ತ ಅಲ್ಪ, ಆದರೆ ಪಾವತಿ ತಪ್ಪಿದರೆ ಅದೂ ಉಲ್ಲಂಘನೆಯೇ.

ಕಾನೂನು ಬದಲಾಗದಿದ್ದರೂ ಸಂಸ್ಥೆ ಬೆಳೆದರೆ ಹೊಣೆ ಹೆಚ್ಚುತ್ತದೆ. ಸಿಬ್ಬಂದಿ ಹತ್ತಕ್ಕೆ ತಲುಪಿದಾಗ ಇಎಸ್‌ಐ ಮತ್ತು ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ, ಇಪ್ಪತ್ತಕ್ಕೆ ಭವಿಷ್ಯನಿಧಿ, ಐವತ್ತಕ್ಕೆ ಶಿಶುಪಾಲನಾ ಕೇಂದ್ರ ಬರುತ್ತವೆ. ಹೊರಗಿನ ಸಲಹೆಗಾರರಿಗೆ ಕಡತ ವಹಿಸಿದರೂ ಇಲಾಖೆಯ ನೋಟಿಸು ಬರುವುದು ಮಾಲೀಕರ ಹೆಸರಿಗೇ.

ಡೆಲಿವರಿ ಮತ್ತು ಟ್ಯಾಕ್ಸಿ ಆ್ಯಪ್‌ಗಳ ವಿಷಯದಲ್ಲಿ ಯಾರು ಮಾಲೀಕ ಎಂಬುದೇ ವಿವಾದ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾನೂನು ಆ ಪ್ರಶ್ನೆಯನ್ನು ಬದಿಗಿಟ್ಟು, ಕಾರ್ಮಿಕರಿಗೆ ಸಲ್ಲುವ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲು ಮಾಡಲು ಅವಕಾಶ ನೀಡಿದೆ.